ಹಳೇ ಆರ್ಕೆಸ್ಟ್ರಾ ಗೆಳೆಯರನ್ನು ಮತ್ತೆ ಸೇರಿಸೋದು ಹೇಗೆ?

ನೀವು ಕೇಳಿರೋದು ಇಷ್ಟು. ಹೈಸ್ಕೂಲಿನ ದಿನಗಳಲ್ಲಿ ಬೀದಿಯ ಹುಡುಗರೆಲ್ಲ ಸೇರಿ ಆರ್ಕೆಸ್ಟ್ರಾ ಕಟ್ಟಿದ್ದಿರಿ. ಈಗ ಎಲ್ಲರಿಗೂ ಐವತ್ತು ದಾಟಿದೆ. ಒಬ್ಬನ ಜೊತೆ ಮಾತು ನಿಂತು ಹೋಗಿದೆ. ಹಾಡುವವನು "ನನ್ನ ದನಿ ಹೋಯ್ತು" ಅಂತಾನೆ. ಎಲ್ಲಿಂದ ಶುರು ಮಾಡಲಿ?

ಊಟಕ್ಕೆ ಕರೆಯಬೇಡಿ, ಬಾರಿಸೋಕೆ ಕರೆಯಿರಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಹನುಮಂತನಗರ. 1980ರ ದಶಕದ ಕೊನೆ. ಆಗ ಗಣೇಶನ ಹಬ್ಬ ಬಂತು ಅಂದರೆ ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಆರ್ಕೆಸ್ಟ್ರಾ. ನವೆಂಬರ್ ಪೂರ್ತಿ ರಾಜ್ಯೋತ್ಸವ. ದೊಡ್ಡ ತಂಡ ಕರೆಸೋಕೆ ದುಡ್ಡಿಲ್ಲದ ಬೀದಿಗಳಿಗೆ ನಮ್ಮಂಥ ಹುಡುಗರೇ ಗತಿ. ಬಳೇಪೇಟೆಯಲ್ಲಿ ಕೊಂಡ ಹಳೇ ಗಿಟಾರು, ಯಾರದೋ ಚಿಕ್ಕಪ್ಪ ಗಲ್ಫಿನಿಂದ ತಂದ ಸಣ್ಣ ಕ್ಯಾಸಿಯೋ ಕೀಬೋರ್ಡು, ಬಾಂಗೋ, ಕೈಯಲ್ಲಿ ಬಾರಿಸುವ ಉದ್ದನೆ ಡ್ರಮ್ಮು ಕಾಂಗೋ ಒಂದು ಜೋಡಿ. ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಹಾಡು ಕಲಿಯುತ್ತಿದ್ದೆವು. ಬಿಜಿಎಂ, ಅಂದರೆ ಹಾಡಿನ ನಡುವಿನ ವಾದ್ಯದ ತುಣುಕು, ಒಂದು ಸಾಲು ಸಿಗೋಕೆ ಒಂದು ಸಂಜೆ ಬೇಕಾಗುತ್ತಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತಬೇಕು.

ಗಣೇಶನ ಹಬ್ಬ ಮಳೆಗಾಲದಲ್ಲೇ ಬರುತ್ತೆ ಅಲ್ವಾ. ತೇವಕ್ಕೆ ಕಾಂಗೋ ಚರ್ಮ ಸಡಿಲವಾಗಿ ನಾದವೇ ಸತ್ತು ಹೋಗುತ್ತಿತ್ತು. ನಮ್ಮ ಕಾಂಗೋದವನು ಸ್ಟೇಜಿನ ಹಿಂದೆ ನೂರು ವ್ಯಾಟಿನ ಬಲ್ಬಿನ ಹತ್ತಿರ ಚರ್ಮ ಹಿಡಿದು ಕೂರುತ್ತಿದ್ದ. ಬೆರಳಿನಿಂದ ತಟ್ಟೋದು, ಕಿವಿ ಕೊಟ್ಟು ಕೇಳೋದು, ಮತ್ತೆ ಸ್ವಲ್ಪ ಕಾಯಿಸೋದು. ಜಾಸ್ತಿ ಕಾದರೆ ಚರ್ಮ ಬಿರಿಯುತ್ತೆ. ಆ ಹದ ಅವನೊಬ್ಬನಿಗೇ ಗೊತ್ತಿತ್ತು. ಅವನೇ ಒಂದು ಸಲ ದುಡ್ಡು ಹಂಚುವಾಗ ಮಾತಿಗೆ ಮಾತು ಬೆಳೆದು ಎದ್ದು ಹೋದ. ಆಮೇಲೆ ಒಬ್ಬೊಬ್ಬರಿಗೂ ಕೆಲಸ, ಮದುವೆ. ತಂಡ ಹಾಗೇ ಕರಗಿತು.

ಹುಡುಕುವ ವಿಷಯಕ್ಕೆ ಬರೋಣ. ಫೋನಿನಲ್ಲಿ ಹೆಸರು ಹಾಕಿ ಹುಡುಕಿದರೆ ಎಲ್ಲರೂ ಸಿಗಲ್ಲ. ಜೀವನಪೂರ್ತಿ ಅಡ್ಡಹೆಸರಿನಲ್ಲೇ ಕರೆದವರ ಪೂರ್ತಿ ಹೆಸರು ಯಾರಿಗೆ ನೆನಪಿರುತ್ತೆ? ಹಳೇ ಬೀದಿಯ ಹಬ್ಬಗಳಿಗೆ ಹೋಗಿ. ನಮ್ಮ ಕಡೆ ಮನೆ ಮಾರಿ ಕೆಂಗೇರಿ, ಉತ್ತರಹಳ್ಳಿ ಸೇರಿದವರೂ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಬಂದೇ ಬರುತ್ತಾರೆ. ನಮ್ಮ ಗಿಟಾರಿನವನು ನನಗೆ ಸಿಕ್ಕಿದ್ದು ದೊಡ್ಡ ಬಸವಣ್ಣನ ಗುಡಿ ಹತ್ತಿರ, ಆ ಜನಜಂಗುಳಿಯಲ್ಲಿ. ಅವನಿಂದ ಮಿಕ್ಕವರ ನಂಬರ್ ಸಿಕ್ಕವು.

ಮೊದಲು ಗಾಂಧಿ ಬಜಾರಿನ ಒಂದು ಹೋಟೆಲಿನಲ್ಲಿ ಸೇರಿದೆವು. ಮಕ್ಕಳ ಓದು, ಸಕ್ಕರೆ ಕಾಯಿಲೆ, ಸೈಟಿನ ರೇಟು. ಕಾಫಿ ಮುಗಿಯಿತು, ಮಾತೂ ಮುಗಿಯಿತು. ಸಂಕಟ ಆಯಿತು. ಯಾರ ಮೇಲೂ ಯಾರಿಗೂ ಬೇಸರ ಇರಲಿಲ್ಲ. ಆದರೆ ನಾವು ಗೆಳೆಯರಾಗಿದ್ದೇ ಹಾಡಿನ ನಡುವೆ. ಸುಮ್ನೆ ಕೂತು ಮಾತಾಡಿ ನಮಗೆ ಅಭ್ಯಾಸವೇ ಇಲ್ಲ.

ಮುನಿಸಿಕೊಂಡವನಿಗೆ ಗಿಟಾರಿನವನು ಫೋನ್ ಮಾಡಿದ. ಹಳೇ ಜಗಳದ ಮಾತೇ ಎತ್ತಲಿಲ್ಲ. "ಲೋ, ಎರಡನೇ ಚರಣಕ್ಕೆ ಮುಂಚೆ ನೀನು ಹಾಕ್ತಿದ್ದ ರೋಲ್ ಹೇಗಿತ್ತೋ? ನಮಗ್ಯಾರಿಗೂ ಬರ್ತಿಲ್ಲ" ಅಂದ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ತಡಿ, ಸ್ಪೀಕರ್‌ಗೆ ಹಾಕ್ತೀನಿ" ಅಂತ ಊಟದ ಮೇಜಿನ ಮೇಲೇ ಬಾರಿಸಿ ತೋರಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ. ಕೊನೆಗೆ ಅವನೇ ಕೇಳಿದ, "ಎಲ್ಲಿ ಸೇರ್ತಿದ್ದೀರೋ?" ನಿಮ್ಮ ಗೆಳೆಯನಿಗೂ ಹೀಗೇ ಮಾಡಿ. ಅವನಿಗೆ ಮಾತ್ರ ಗೊತ್ತಿರೋದನ್ನು ಕೇಳಿ.

ಜಾಗಕ್ಕೆ ಈಗ ಮನೆ ತಾರಸಿ ಆಗಲ್ಲ, ಗೋಡೆಗೆ ಗೋಡೆ ಅಂಟಿಕೊಂಡ ಫ್ಲ್ಯಾಟುಗಳು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪ್ರಾಕ್ಟೀಸ್ ರೂಮುಗಳು ಬೆಂಗಳೂರಿನಲ್ಲಿ ಇವೆ. ಡ್ರಮ್ಸು, ಆಂಪ್ಲಿಫೈಯರು ಅಲ್ಲೇ ಇರುತ್ತವೆ.

ಹಾಡುವವನ ದನಿಗೆ ಮದ್ದು ಸುಲಭ. ವಯಸ್ಸಾದಂತೆ ಮೇಲಿನ ಸ್ವರಗಳು ಕೈಕೊಡುತ್ತವೆ, ಕೆಳಗಿನವು ಉಳಿಯುತ್ತವೆ. ಸ್ಕೇಲ್ ಇಳಿಸಿ. ನಾವು ಡಿ ಸ್ಕೇಲಿನಲ್ಲಿ ಹಾಡುತ್ತಿದ್ದ ಹಾಡನ್ನು ಬಿ ಗೆ, ಅಂದರೆ ಕೀಬೋರ್ಡಿನಲ್ಲಿ ಮೂರು ಮನೆ ಕೆಳಗೆ, ತಂದೆವು. ಕೀಬೋರ್ಡಿನಲ್ಲಿ ಸ್ಕೇಲ್ ಬದಲಿಸುವ ಟ್ರಾನ್ಸ್‌ಪೋಸನ್ನು ಮೈನಸ್ ಮೂರಕ್ಕೆ ಇಟ್ಟರೆ ಬೆರಳು ಹಳೇ ಜಾಗದಲ್ಲೇ ಓಡುತ್ತೆ. ಗಿಟಾರಿನವನು ಮಾತ್ರ ಕಾರ್ಡ್ಸ್ ಬದಲಿಸಬೇಕು, ಅವನಿಗೆ ಮೊದಲೇ ಹೇಳಿಬಿಡಿ. ಮತ್ತೆ ಬಾರಿಸೋಕೆ ಸೇರಿದ ದಿನ ನಮ್ಮ ಹಾಡುಗಾರ ಪಲ್ಲವಿ ಎತ್ತಿಕೊಂಡ. ದನಿ ದಪ್ಪಗಾಗಿತ್ತು, ಸ್ವಲ್ಪ ಗೊರಗೊರ. ನನಗಂತೂ ಹದಿನಾರರ ದನಿಗಿಂತ ಇದೇ ಚೆನ್ನ ಅನಿಸಿತು. ಕಾಂಗೋದವನು ತಲೆ ಬಗ್ಗಿಸಿಕೊಂಡೇ ಬಾರಿಸುತ್ತಿದ್ದ, ಕಣ್ಣೊರೆಸಿಕೊಳ್ಳೋಕೂ ಕೈ ಬಿಡುವಿರಲಿಲ್ಲ.

ಸ್ಟೇಜಿನ ಆಸೆ ಇದ್ದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಆಗಿನ ಹಾಗೆ ಮಧ್ಯರಾತ್ರಿ ದಾಟಿಸೋಕೆ ಆಗಲ್ಲ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಸಾಮಾನ್ಯವಾಗಿ ರಾತ್ರಿ 10ರ ಮೇಲೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ, ಸಂಜೆಯೇ ಶುರು ಮಾಡಬೇಕು. ಇನ್ನೊಂದು ಮಾತು, ಯಾರಾದರೂ ದುಡ್ಡು ಕೊಟ್ಟರೆ ಅದು ರೂಮಿನ ಬಾಡಿಗೆಗೇ ಹೋಗುತ್ತೆ ಅಂತ ಮೊದಲ ದಿನವೇ ಎಲ್ಲರೆದುರು ಮಾತಾಡಿಕೊಳ್ಳಿ.