ಫ್ಯಾಂಟಮ್ ರೀಪ್ರಿಂಟ್ ಬಂತು, ಬಣ್ಣ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ಚಿಕ್ಕವನಿದ್ದಾಗ ನಂಗೆ ಮುಖವಾಡ ಹಾಕಿದ ಕಾಡಿನ ವೀರ ಫ್ಯಾಂಟಮ್ ಕತೆಗಳು ಬರ್ತಿದ್ದ ಇಂದ್ರಜಾಲ್ ಕಾಮಿಕ್ಸ್ ಅಂದ್ರೆ ಪ್ರಾಣ, ಇಂಗ್ಲಿಷ್ ಸಂಚಿಕೆಗಳು ಈಗ್ಲೂ ಒಂದು ಟ್ರಂಕ್ ತುಂಬಾ ಇವೆ. ಮೊನ್ನೆ ಮಗ ಫ್ಯಾಂಟಮ್‌ನ ಹಳೇ ಪೇಪರ್ ಸ್ಟ್ರಿಪ್‌ಗಳ ರೀಪ್ರಿಂಟ್, 1936ರಿಂದ ಶುರುವಾಗೋ ದಪ್ಪ ವಾಲ್ಯೂಮ್, ತರಿಸ್ಕೊಟ್ಟ. ತೆಗೆದ್ರೆ ಪೂರ್ತಿ ಬ್ಲ್ಯಾಕ್ ಅಂಡ್ ವೈಟ್, ಫ್ಯಾಂಟಮ್ ಇರೋ ದೇಶಕ್ಕೆ ಡೆಂಕಾಲಿ ಅನ್ನೋ ಹೆಸರೇ ಇಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ತಾರೆ. ಇದು ಒರಿಜಿನಲ್ ಹೌದಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೌದು ಸರ್, ನಿಮ್ಮ ಕೈಲಿರೋದೇ ಒರಿಜಿನಲ್, ನಾವೆಲ್ಲ ಇಂದ್ರಜಾಲ್ ಸಂಚಿಕೆಗಳಲ್ಲಿ ಓದಿ ಬೆಳೆದಿದ್ದು ಅದನ್ನ ಕತ್ತರಿಸಿ ಜೋಡಿಸಿದ್ದು. ಲೀ ಫಾಕ್ ಬರೆದು ರೇ ಮೂರ್ ಚಿತ್ರ ಹಾಕಿದ ಫ್ಯಾಂಟಮ್ 1936ರ ಫೆಬ್ರವರಿ 17ಕ್ಕೆ ಅಮೆರಿಕದ ಪೇಪರ್‌ಗಳಲ್ಲಿ ಶುರುವಾದಾಗ ಅದು ದಿನಾ ಬರೋ ಒಂದು ಸಾಲು, ಮೂರ್ನಾಲ್ಕು ಚೌಕ, ಬರೀ ಕಪ್ಪು ಬಿಳುಪು. ಬಣ್ಣ ಬಂದಿದ್ದು 1939ರ ಮೇ 28ಕ್ಕೆ ಸಂಡೇ ಪುಟ ಶುರುವಾದ್ಮೇಲೆ, ಅದೂ ಫ್ಯಾಂಟಮ್ ಉಡುಪಿಗೆ ಫಾಕ್ ಅಂದ್ಕೊಂಡಿದ್ದ ಬೂದು ಬಣ್ಣ ಅಲ್ಲ, ನೇರಳೆ. ಡೈಲಿ ಕತೆ ಬೇರೆ ಸಂಡೇ ಕತೆ ಬೇರೆ, ಅದಕ್ಕೇ ರೀಪ್ರಿಂಟಲ್ಲೂ ಎರಡೂ ಬೇರೆ ಬೇರೆ ಸೀರೀಸ್ ಆಗಿ ಬರುತ್ತೆ. ಬಣ್ಣ ಬೇಕೇ ಬೇಕು ಅಂದ್ರೆ ಸಂಡೇ ವಾಲ್ಯೂಮ್ ನೋಡಿ.

ಹೇಳಿದ್ದನ್ನೇ ಹೇಳ್ತಾರೆ ಅಂದ್ರಲ್ಲ, ನಂಗೆ ತುಂಬಾ ಇಷ್ಟವಾದ ವಿಷಯ ಅದು. ನಿನ್ನೆ ಪೇಪರ್ ತಪ್ಪಿಸ್ಕೊಂಡವರಿಗೂ ಕತೆ ಸಿಗ್ಬೇಕು, ಹಾಗಾಗಿ ಮೊದಲ ಚೌಕದಲ್ಲಿ ನಿನ್ನೆಯದು, ನಡುವೆ ಒಂದು ಹೆಜ್ಜೆ ಮುಂದೆ, ಕೊನೇಲಿ ನಾಳೆವರೆಗೂ ಕಾಯೋ ಹಾಗೆ ಒಂದು ಕೊಕ್ಕೆ. ಕಡಲ್ಗಳ್ಳರ ಆ ಮೊದಲ ಕತೆ ಪೇಪರಲ್ಲಿ ಹೆಚ್ಚುಕಮ್ಮಿ ಒಂಬತ್ತು ತಿಂಗಳು ಓಡ್ತು, ನೀವು ಅದನ್ನ ಒಂದೇ ರಾತ್ರಿ ಓದೋಕೆ ಕೂತ್ರೆ ಬೇಜಾರಾಗದೇ ಇರುತ್ತಾ! ದಿನಕ್ಕೆ ಒಂದು ವಾರದ್ದು, ಅಂದ್ರೆ ಆರೇ ಆರು ಸ್ಟ್ರಿಪ್ ಓದಿ ಪುಸ್ತಕ ಮುಚ್ಚಿಡಿ, ಆಗ ಆ ಕೊಕ್ಕೆ ನಿಮ್ಮನ್ನೂ ಹಿಡಿಯುತ್ತೆ. ಇಂದ್ರಜಾಲ್‌ನವರು ಒಂದು ಕತೆಯನ್ನ ಒಂದು ಸಂಚಿಕೆಗೆ ಹಿಡಿಸ್ಬೇಕಿತ್ತಲ್ಲ, ಚೌಕಗಳನ್ನ ಬಿಟ್ಟು, ಉಳಿದಿದ್ದನ್ನ ಪುಟಕ್ಕೆ ಹೊಂದಿಸಿ ಬಣ್ಣ ತುಂಬಿದ್ರು.

ಹೆಸರು ಬದಲಾಗಿದ್ದೂ ಅಲ್ಲೇ. ಸ್ಟ್ರಿಪ್‌ನಲ್ಲಿ ಮೊದಲು ಬೆಂಗಾಲಿ, ಆಮೇಲೆ ಬಂಗಲ್ಲಾ ಅಂತಿದ್ದ ದೇಶ ನಮ್ಮಲ್ಲಿ ಡೆಂಕಾಲಿ ಆಯ್ತು, ಸಿಂಗ್ ಅನ್ನೋ ಕಡಲ್ಗಳ್ಳರು ಸಿಂಗಾ ಆದ್ರು. ಸಿಂಗ್ ಅಂತ ಹೆಸರಿರೋರು ನಮ್ಮ ದೇಶದಲ್ಲಿ ಎಷ್ಟು ಜನ ಇದಾರೆ, ಬದಲಾಯಿಸಿದ್ದು ಸರಿನೇ ಅನ್ಸುತ್ತೆ. ಇನ್ನೊಂದು ಮಾತು, ಆ ಕಾಲದ ಸ್ಟ್ರಿಪ್‌ಗಳಲ್ಲಿ ಕಾಡಿನ ಜನರನ್ನ ತೋರಿಸಿರೋ ರೀತಿ ಈಗ ನೋಡಿದ್ರೆ ನೋವಾಗುತ್ತೆ, ಮೊಮ್ಮಕ್ಕಳಿಗೆ ಕೊಡೋದಾದ್ರೆ ಜೊತೆಗೆ ಕೂತು ಓದಿ.

ನಿಮ್ಮ ನೆನಪಲ್ಲಿರೋ ಆ ನೀಟಾದ ಮುಖ, ಕುದುರೆ ಹೀರೋ, ತೋಳ ಡೆವಿಲ್, ಅದೆಲ್ಲ ಬಹುಶಃ ಚಿತ್ರಕಾರ ಸೈ ಬ್ಯಾರಿ ಕೈಚಳಕ, ಅವರು ಸ್ಟ್ರಿಪ್‌ಗೆ ಬಂದಿದ್ದು 1961ರಲ್ಲಿ, 1994ರವರೆಗೂ ಚಿತ್ರ ಬರೆದ್ರು. ಮುಂದಿನ ಸಲ ಆ ವರ್ಷಗಳ ವಾಲ್ಯೂಮ್ ಕೇಳಿ. ಟ್ರಂಕ್ ಮಾತ್ರ ದಯವಿಟ್ಟು ಯಾರಿಗೂ ಕೊಡ್ಬೇಡಿ, ಒಂದೇ ಕತೆಯ ಸ್ಟ್ರಿಪ್ಪನ್ನೂ ಇಂದ್ರಜಾಲ್ ಸಂಚಿಕೆಯನ್ನೂ ಪಕ್ಕ ಪಕ್ಕ ಇಟ್ಕೊಂಡು ಯಾವ ಚೌಕ ಬಿಟ್ಟಿದಾರೆ ಅಂತ ಮಗನ ಜೊತೆ ಹುಡುಕಿ ನೋಡಿ, ಒಂದಿಡೀ ಭಾನುವಾರ ಹೋಗಿದ್ದೇ ಗೊತ್ತಾಗಲ್ಲ.