ಡಿಎನ್‌ಎ ಬದಲಾಗದೇನೇ ಪ್ಯಾರಾಸೈಟ್ ಹೋಸ್ಟ್‌ಗೆ ಹೇಗೆ ಹೊಂದಿಕೊಳ್ಳುತ್ತೆ?

ನಿಮ್ಮ ಪ್ರಶ್ನೇಲಿ ಮೂರು ವಿಷಯ ಇವೆ. ಡಿಎನ್‌ಎ ಬದಲಾಗದೇನೇ ಪ್ಯಾರಾಸೈಟ್ (ಇನ್ನೊಂದು ಜೀವಿಯ ಮೇಲೆ ಬದುಕೋ ಪರಾವಲಂಬಿ) ತನ್ನ ಹೋಸ್ಟ್‌ಗೆ (ಅದು ಸೇರ್ಕೊಂಡಿರೋ ಜೀವಿಗೆ) ಹೇಗೆ ಹೊಂದಿಕೊಳ್ಳುತ್ತೆ, ನಮ್ಮ ಇಮ್ಯುನಿಟಿ ಏನ್ಮಾಡ್ತಿದೆ ಅಂತ ಅದಕ್ಕೆ ಗೊತ್ತಾಗುತ್ತಾ, ಮತ್ತೆ ಅದು ನಮ್ಮ ಜೀನ್‌ಗಳ ಮೇಲೂ ಕೈ ಹಾಕುತ್ತಾ ಅಂತ. ಎರಡನೇದನ್ನ ಮನಸ್ಸಲ್ಲಿಟ್ಕೊಂಡೇ ಓದಿ, ಜಾಸ್ತಿ ಜನ ದಾರಿ ತಪ್ಪೋದು ಅಲ್ಲೇ ಅಂತ ನನಗನ್ಸುತ್ತೆ.

ಮಲೇರಿಯಾ ತರೋ ಪ್ಲಾಸ್ಮೋಡಿಯಂ ಫಾಲ್ಸಿಪೇರಂ ತಗೊಳ್ಳಿ. ಅದು ಕೆಂಪು ರಕ್ತಕಣದ ಒಳಗೆ ಸೇರ್ಕೊಂಡು ಸುಮಾರು 48 ಗಂಟೇಲಿ ಬೆಳೆದು, ಕಣ ಒಡೆದು, ಹೊಸ ಕಣಗಳಿಗೆ ನುಗ್ಗುತ್ತೆ. ಒಳಗಿರುವಾಗ ಕಣದ ಹೊರಮೈ ಮೇಲೆ ಪಿಎಫ್‌ಇಎಂಪಿ1 ಅನ್ನೋ ಪ್ರೋಟೀನ್ ತಂದು ನಿಲ್ಲಿಸುತ್ತೆ, ಅದರಿಂದ ಕಣ ರಕ್ತನಾಳದ ಗೋಡೆಗೆ ಅಂಟ್ಕೊಳ್ಳುತ್ತೆ, ಅಂಟ್ಕೊಂಡ್ರೆ ಸ್ಪ್ಲೀನ್‌ಗೆ (ಕೆಟ್ಟ ರಕ್ತಕಣಗಳನ್ನ ಸೋಸಿ ತೆಗೆಯೋ ಅಂಗ) ಹೋಗಿ ನಾಶ ಆಗೋದು ತಪ್ಪುತ್ತೆ. ಆದ್ರೆ ಹೊರಗೆ ಕಾಣೋ ಪ್ರೋಟೀನ್ ಅಂದಮೇಲೆ ದೇಹ ಅದಕ್ಕೆ ಆಂಟಿಬಾಡಿ ಮಾಡದೇ ಬಿಡಲ್ಲ. ಅದಕ್ಕೇ ಈ ಪ್ಯಾರಾಸೈಟ್ ಹತ್ರ ಸುಮಾರು 60 ವಾರ್ ಜೀನ್‌ಗಳಿವೆ, ಒಂದೊಂದೂ ಬೇರೆ ಬೇರೆ ಪಿಎಫ್‌ಇಎಂಪಿ1 ಮಾಡುತ್ತೆ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಜೀನ್ ಆನ್.

ಉಳಿದವುಗಳ ಬಾಯಿ ಮುಚ್ಚಿಸಿ ಇಟ್ಟಿರೋದು ಎಪಿಜೆನೆಟಿಕ್ಸ್, ಅಂದ್ರೆ ಡಿಎನ್‌ಎ ಬರಹ ಬದಲಾಗದೇನೇ ಜೀನ್ ಆನ್-ಆಫ್ ಮಾಡೋ ವ್ಯವಸ್ಥೆ. ಡಿಎನ್‌ಎ ಸುತ್ಕೊಂಡಿರೋ ಎಚ್3 ಹಿಸ್ಟೋನ್ ಅನ್ನೋ ಪ್ರೋಟೀನಿನ 9ನೇ ಜಾಗದಲ್ಲಿರೋ ಲೈಸಿನ್ (ಒಂದು ಅಮೈನೋ ಆಮ್ಲ) ಮೇಲೆ ಮೀಥೈಲ್ ಅನ್ನೋ ಮೂರು ಚಿಕ್ಕ ರಾಸಾಯನಿಕ ಗುಂಪು ಕೂರುತ್ತೆ, ಆ ಗುರುತಿಗೆ ಎಚ್‌ಪಿ1 ಅನ್ನೋ ಪ್ರೋಟೀನ್ ಬಂದು ಅಂಟುತ್ತೆ, ಆ ಭಾಗ ಪೂರ್ತಿ ಬಿಗಿಯಾಗಿ ನ್ಯೂಕ್ಲಿಯಸ್ ಅಂಚಲ್ಲಿ ಗುಂಪಾಗಿ ಉಳಿಯುತ್ತೆ. ಆನ್ ಆಗಿರೋ ಜೀನ್ ಮಾತ್ರ ಆ ಗುಂಪಿಂದ ಬೇರೆ ಆಗಿ, ಬೇರೆ ಗುರುತುಗಳ ಜೊತೆ ಇರುತ್ತೆ. ಪ್ಯಾರಾಸೈಟ್ ಡಿವೈಡ್ ಆದಾಗ 'ಯಾವುದು ಆನ್ ಇತ್ತು' ಅನ್ನೋ ನೆನಪೂ ಮುಂದಿನ ಪೀಳಿಗೆಗೆ ಹೋಗುತ್ತೆ, ಆದ್ರೆ ಅಲ್ಲೊಂದು ಇಲ್ಲೊಂದರಲ್ಲಿ ಆ ಜೀನ್ ಆಫ್ ಆಗಿ ಇನ್ನೊಂದು ಆನ್ ಆಗಿಬಿಡುತ್ತೆ.

ಈಗ ಎರಡನೇ ಪ್ರಶ್ನೆಗೆ ಬನ್ನಿ. ಈ ಅದಲುಬದಲು ನಡೆಯೋಕೆ ಆಂಟಿಬಾಡಿ ಬಂದಿರಲೇಬೇಕು ಅಂತಿಲ್ಲ, ಲ್ಯಾಬ್‌ನಲ್ಲಿ ಇಮ್ಯೂನ್ ಸಿಸ್ಟಮ್ಮೇ ಇಲ್ಲದ ಕಲ್ಚರ್‌ನಲ್ಲೂ (ದೇಹದ ಹೊರಗೆ ಬೆಳೆಸಿದಾಗಲೂ) ನಡೆಯುತ್ತೆ. ಆಂಟಿಬಾಡಿ ಬಂದಾಗ ಹಳೇ ಪ್ರೋಟೀನ್ ಹೊತ್ತಿರೋವು ಸಾಯ್ತವೆ, ಮೊದಲೇ ಬದಲಾಗಿದ್ದ ಕೆಲವು ಉಳ್ಕೊಂಡು ಮತ್ತೆ ಬೆಳೀತವೆ. ನಮಗೆ ಪ್ಯಾರಾಸೈಟ್ ವೇಷ ಬದಲಾಯಿಸ್ತು ಅನ್ಸುತ್ತೆ, ಆದ್ರೆ ಅವುಗಳಲ್ಲಿ ಯಾವುದು ಉಳೀಬೇಕು ಅಂತ ಆರಿಸಿದ್ದು ನಮ್ಮ ದೇಹ. ಚಿಕ್ಕಂದಿನಿಂದ ಮಲೇರಿಯಾ ಬಂದು ಬಂದು ಇಮ್ಯುನಿಟಿ ಬೆಳೆಸ್ಕೊಂಡ ಹೆಂಗಸರು ಮೊದಲ ಬಸಿರಲ್ಲಿ ಮತ್ತೆ ಮಲೇರಿಯಾಗೆ ಸಿಕ್ಕಿಬೀಳೋದೂ ಇದರಿಂದಾನೇ: ವಾರ್2ಸಿಎಸ್ಎ ಜೀನ್ ಆನ್ ಇರೋ ಪ್ಯಾರಾಸೈಟ್‌ಗಳಿಗೆ ಪ್ಲಾಸೆಂಟಾ (ಮಾಸು) ಅನ್ನೋ ಹೊಸ ಜಾಗ ಸಿಗುತ್ತೆ, ಆ ಪ್ರೋಟೀನಿಗೆ ಆ ತಾಯಿ ದೇಹದಲ್ಲಿ ಇನ್ನೂ ಸರಿಯಾದ ಆಂಟಿಬಾಡಿ ಇರಲ್ಲ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಇನ್ನೊಂದಿದೆ. ಬ್ಲಾಸ್ಟಿಸಿಡಿನ್ ಎಸ್ ಅಂತ ಒಂದು ವಿಷ, ಅದು ಸೋಂಕಾದ ರಕ್ತಕಣದ ಒಳಗೆ ಹೋಗೋಕೆ ಕ್ಲಾಗ್3 ಜೀನ್‌ಗಳಿಂದ ಬರೋ ಚಾನಲ್ (ಒಳಹೋಗೋ ದಾರಿ) ಬೇಕು. ಲ್ಯಾಬ್‌ನಲ್ಲಿ ಈ ವಿಷ ಹಾಕಿ ಬೆಳೆಸಿದಾಗ ಎರಡೂ ಕ್ಲಾಗ್3 ಜೀನ್ ಆಫ್ ಮಾಡ್ಕೊಂಡ ಪ್ಯಾರಾಸೈಟ್‌ಗಳು ಉಳಿದವು, ಒಂದೇ ಒಂದು ಮ್ಯುಟೇಶನ್ (ಡಿಎನ್‌ಎ ಬರಹದಲ್ಲೇ ಆಗೋ ಬದಲಾವಣೆ) ಇಲ್ಲದೇನೇ. ವಿಷ ತೆಗೆದ್ರೆ ಮತ್ತೆ ಆ ಜೀನ್‌ಗಳು ಆನ್ ಆಗಿರೋವು ವಾಪಸ್ ಬರ್ತವೆ, ಯಾಕಂದ್ರೆ ಅದೇ ಚಾನಲ್‌ನಿಂದ ಪೋಷಕಾಂಶಾನೂ ಬರಬೇಕು. ಮ್ಯುಟೇಶನ್‌ನಲ್ಲಿ ಇಷ್ಟು ಸುಲಭವಾಗಿ ಹಿಂದಕ್ಕೆ ಬರೋಕಾಗಲ್ಲ, ಎಪಿಜೆನೆಟಿಕ್ಸ್‌ನ ದೊಡ್ಡ ಲಾಭ ಇದೇ.

ಹಾಗಂತ ಪ್ಯಾರಾಸೈಟ್‌ಗೆ ಹೊರಗಿನ ಸುಳಿವೇ ಸಿಗಲ್ಲ ಅಂತಲ್ಲ. ಸುತ್ತ ಲೈಸೋಫಾಸ್ಫಟಿಡೈಲ್‌ಕೋಲಿನ್ ಅನ್ನೋ ಲಿಪಿಡ್ ಕಮ್ಮಿ ಆದ್ರೆ ಫಾಲ್ಸಿಪೇರಂನಲ್ಲಿ ಜಾಸ್ತಿ ಗ್ಯಾಮೆಟೋಸೈಟ್ ಆಗ್ತವೆ, ಅಂದ್ರೆ ಸೊಳ್ಳೆಗೆ ಹೋಗೋಕೆ ತಯಾರಾದ ರೂಪ. ಅದಕ್ಕೆ ಎಪಿ2-ಜಿ ಅನ್ನೋ ಜೀನ್ ಆನ್ ಆಗಬೇಕು, ಅದನ್ನೂ ಅದೇ ಎಚ್‌ಪಿ1 ಮುಚ್ಚಿಟ್ಟಿರುತ್ತೆ, ಜಿಡಿವಿ1 ಪ್ರೋಟೀನ್ ಬಂದು ಎಚ್‌ಪಿ1ನ ಅಲ್ಲಿಂದ ಎಬ್ಬಿಸುತ್ತೆ.

ಎಲ್ಲದಕ್ಕೂ ಎಪಿಜೆನೆಟಿಕ್ಸೇ ಕಾರಣ ಅನ್ನೋರ ಮಾತು ಮಾತ್ರ ನಂಬಬೇಡಿ. ಇರೋ ಜೀನ್‌ಗಳಲ್ಲಿ ಯಾವುದು ಮಾತಾಡಬೇಕು ಅನ್ನೋದನ್ನಷ್ಟೇ ಅದು ಬದಲಾಯಿಸುತ್ತೆ. ಮಲೇರಿಯಾ ಔಷಧಿ ಕ್ಲೋರೋಕ್ವಿನ್‌ಗೆ ಬಗ್ಗದೇ ಇರೋ ಶಕ್ತಿಗೆ (ರೆಸಿಸ್ಟೆನ್ಸ್) ಪಿಎಫ್‌ಸಿಆರ್‌ಟಿ ಜೀನಲ್ಲಿ, ಇನ್ನೊಂದು ಔಷಧಿ ಆರ್ಟೆಮಿಸಿನಿನ್‌ದಕ್ಕೆ ಮುಖ್ಯವಾಗಿ ಕೆಲ್ಚ್13 ಜೀನಲ್ಲಿ, ನಿಜವಾದ ಮ್ಯುಟೇಶನ್ನೇ ಆಗಿದೆ. ಸ್ಲೀಪಿಂಗ್ ಸಿಕ್‌ನೆಸ್ ತರೋ ಟ್ರಿಪನೋಸೋಮಾ ಬ್ರೂಸಿಯಲ್ಲಿ ಎರಡೂ ಸೇರ್ಕೊಂಡಿವೆ, ಹೊರಕವಚದ ವಿಎಸ್‌ಜಿ ಜೀನ್ ಒಂದೇ ಆನ್ ಇರೋ ಹಾಗೆ ನೋಡ್ಕೊಳ್ಳೋದು ಎಪಿಜೆನೆಟಿಕ್ಸ್, ಆದ್ರೆ ಆನ್ ಇರೋ ಜಾಗಕ್ಕೆ ಬೇರೆ ಜೀನ್ ಕಾಪಿ ಮಾಡಿ ಹಾಕೋದು ಡಿಎನ್‌ಎ ರಿಕಾಂಬಿನೇಶನ್, ಅಂದ್ರೆ ಡಿಎನ್‌ಎ ತುಂಡನ್ನೇ ಬದಲಾಯಿಸೋದು.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಹೌದು, ಹೋಸ್ಟ್ ಜೀನ್‌ಗಳ ಆನ್-ಆಫ್‌ಗೂ ಕೈ ಹಾಕ್ತವೆ. ಟಾಕ್ಸೋಪ್ಲಾಸ್ಮಾ ಅನ್ನೋ ಪ್ಯಾರಾಸೈಟ್ ತನ್ನ ಟಿಜಿಐಎಸ್‌ಟಿ ಪ್ರೋಟೀನ್‌ನ ನಮ್ಮ ಕೋಶದ ನ್ಯೂಕ್ಲಿಯಸ್‌ಗೇ ಕಳಿಸಿ, ಅಲ್ಲಿ ಜೀನ್ ಮುಚ್ಚೋ ನಮ್ಮದೇ ಪ್ರೋಟೀನ್‌ಗಳನ್ನ ಕರೆಸಿ, ಇಂಟರ್‌ಫೆರಾನ್ ಗಾಮಾ ಅನ್ನೋ ಇಮ್ಯುನಿಟಿ ಸಿಗ್ನಲ್‌ಗೆ ಆನ್ ಆಗಬೇಕಿದ್ದ ಜೀನ್‌ಗಳನ್ನ ತಡೆಯುತ್ತೆ. ದನಗಳಲ್ಲಿ ಥೈಲೇರಿಯಾ ಅನ್ನೋ ಪ್ಯಾರಾಸೈಟ್ ಸೇರ್ಕೊಂಡ ಬಿಳಿ ರಕ್ತಕಣಗಳು ಕ್ಯಾನ್ಸರ್ ಕೋಶದ ಹಾಗೆ ಡಿವೈಡ್ ಆಗ್ತಾ ಹೋಗ್ತವೆ, ಬುಪಾರ್ವಾಕ್ವೋನ್ ಔಷಧಿ ಕೊಟ್ಟು ಪ್ಯಾರಾಸೈಟ್ ಸಾಯಿಸಿದ್ರೆ ಆ ಓಟ ನಿಂತುಹೋಗುತ್ತೆ, ಹಾಗಾಗಿ ಅದು ಹೋಸ್ಟ್ ಡಿಎನ್‌ಎಯಲ್ಲಿ ಆದ ಶಾಶ್ವತ ಬದಲಾವಣೆ ಅಲ್ಲ ಅಂತ ಹೇಳಬಹುದು.