ಲೆನ್ಸ್ ಕೊಳ್ಳುವ ಮೊದಲು: ದಾಸವಾಳ, ಮಿಸ್ರಿ ಜೇನು, ಸೂರಕ್ಕಿ

ಅಕ್ಕಾ, ನೀವು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ ಮೂರೂ ಫೋಟೊ ದೊಡ್ಡದು ಮಾಡಿ ನೋಡಿ ಬರೆಯುತ್ತಿದ್ದೇನೆ. ಶಿರಸಿ ಹತ್ತಿರದ ಮನೆ, ಅಂಗಳದಲ್ಲಿ ಹೂವಿನ ಗಿಡ, ಹಿತ್ತಲಿನಾಚೆ ಅಡಿಕೆ ತೋಟ, ಕೈಯಲ್ಲಿ 18-55 ಮತ್ತು 55-250 ಲೆನ್ಸ್ ಇರುವ ಹಳೆಯ ಡಿಎಸ್ಎಲ್ಆರ್. ದಾಸವಾಳ ಕೆಂಪು ಮುದ್ದೆಯಾಗಿದೆ, ತುಳಸಿ ಮೇಲಿನ ಮಿಸ್ರಿ ಜೇನು (ಚುಚ್ಚದ ಪುಟಾಣಿ ಜೇನು) ಮಸುಕಾಗಿದೆ, ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ ಕಪ್ಪಗೆ ಬಂದಿದೆ, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೂರರಲ್ಲಿ ಎರಡು ತಪ್ಪು ಬೆಳಕಿನದು, ಒಂದು ದೂರದ್ದು. ಆ ಲೆನ್ಸ್ ಬಂದರೂ ದಾಸವಾಳ ಮುದ್ದೆಯಾಗಿಯೇ ಬರುತ್ತದೆ, ಸೂರಕ್ಕಿ ಕಪ್ಪಗೇ ಇರುತ್ತದೆ.

ಮೊದಲು ದಾಸವಾಳ. ಸುತ್ತ ಕಡುಹಸಿರು ಎಲೆ, ನಡುವೆ ಕಡುಗೆಂಪು ಹೂವು. ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಸರಾಸರಿ ಮಾಡಿ ಲೆಕ್ಕ ಹಾಕುತ್ತದೆ, ಅಷ್ಟರಲ್ಲಿ ಕೆಂಪಿನ ಪಾಲು ತುಂಬಿ ಚೆಲ್ಲಿರುತ್ತದೆ. ಕೆಂಪು ಒಮ್ಮೆ ತುಂಬಿತೆಂದರೆ ಎಸಳಿನ ನರ, ಮಡಿಕೆ ಎಲ್ಲ ಒಂದೇ ಬಣ್ಣವಾಗಿ ಮುದ್ದೆಯಂತೆ ಕಾಣುತ್ತದೆ. ಬಿಳಿ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗುಡ್ಡದಂಥ ನಕ್ಷೆ) ನೋಡಿದರೆ ಇದು ಗೊತ್ತಾಗುವುದಿಲ್ಲ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ತೆರೆಯಿರಿ. ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಎಕ್ಸ್‌ಪೋಶರ್ ಕಾಂಪನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಳಿಸುವ +/− ಅಳತೆ) ಅನ್ನು −0.7ಕ್ಕೆ ಇಳಿಸಿ, ಸಾಲದಿದ್ದರೆ −1. ಪಿಕ್ಚರ್ ಸ್ಟೈಲ್ 'ಲ್ಯಾಂಡ್‌ಸ್ಕೇಪ್' ಅಥವಾ 'ವಿವಿಡ್' ಇದ್ದರೆ 'ನ್ಯೂಟ್ರಲ್' ಮಾಡಿ. ಸಾಧ್ಯವಾದರೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆಯಿರಿ. ರಥಪುಷ್ಪಕ್ಕೂ ಕೆಂಪು ಡೇರೆ ಹೂವಿಗೂ ಇದೇ ಮದ್ದು.

ಬಿಳಿ ಹೂವಿನ ಲೆಕ್ಕ ಬೇರೆ, ಅದರಲ್ಲೂ ಎರಡು ಬಗೆ. ನಂದಿಬಟ್ಟಲು ಫ್ರೇಮ್ ತುಂಬ ಬಂದಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತದೆ, ಆಗ +0.7ರಿಂದ +1. ಅದೇ ಹೂವು ಸಣ್ಣದಾಗಿ ಕಪ್ಪು ನೆರಳಿನ ಮುಂದೆ ಇದ್ದರೆ ಸುಟ್ಟು ಹೋಗುತ್ತದೆ, ಆಗ −1. 'ಬಿಳಿ ಹೂವಿಗೆ ಯಾವಾಗಲೂ ಪ್ಲಸ್' ಎಂದು ಗುಂಪಿನಲ್ಲಿ ಒಬ್ಬರು ಬರೆದದ್ದು ಅರ್ಧ ಮಾತ್ರ ಸರಿ.

ದಾಸವಾಳವನ್ನು ನೇರ ಎದುರಿನಿಂದ ತೆಗೆದಿದ್ದೀರಿ. ಕೇಸರದ ಕೋಲು ಲೆನ್ಸಿನ ಕಡೆಗೇ ಚಾಚಿರುತ್ತದೆ. ಅದರ ತುದಿಯ ಐದು ಪುಟ್ಟ ಗುಂಡುಗಳ ಮೇಲೆ ಫೋಕಸ್ ಬಿದ್ದರೆ ಎಸಳಿನ ಬುಡ ಮಸುಕು, ಬುಡಕ್ಕೆ ಬಿದ್ದರೆ ಗುಂಡು ಮಸುಕು. ಎಫ್ 11 ಇಟ್ಟರೂ (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಕಿರಿದು, ಬೆಳಕು ಕಮ್ಮಿ, ಸ್ಪಷ್ಟ ಬರುವ ದಪ್ಪ ಜಾಸ್ತಿ) ಎರಡೂ ಸಿಗುವುದು ಕಷ್ಟ. ಪಕ್ಕಕ್ಕೆ ಸರಿದು, ಕೋಲು ಸೆನ್ಸರಿಗೆ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಸಮಾನಾಂತರ ಬರುವ ಹಾಗೆ ನಿಂತು ಎಫ್ 8ರಲ್ಲಿ ತೆಗೆಯಿರಿ. ಕೋಲಿನುದ್ದಕ್ಕೂ ಹಳದಿ ಪರಾಗದ ಚೀಲಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ ಬರುತ್ತವೆ.

ಹನ್ನೊಂದರ ಬಿಸಿಲಿನಲ್ಲಿ ತೆಗೆಯಲೇಬೇಕಾದರೆ ತೆಳುವಾದ ಹಳೆ ಬಿಳಿ ಪಂಚೆಯನ್ನು ಒಂದೇ ಪದರ ಮಾಡಿ ಹೂವಿನಿಂದ ಎರಡಡಿ ಮೇಲೆ ಕಟ್ಟಿ. ಅಂಗಡಿಯಲ್ಲಿ ಸಿಗುವ, ಬೆಳಕು ಮೆತ್ತಗಾಗಿಸುವ ಡಿಫ್ಯೂಸರಿಗಿಂತ ಅಗಲ ಜಾಸ್ತಿ, ಖರ್ಚಿಲ್ಲ. ನೆರಳಿನ ಬದಿಗೆ ಒಂದು ಥರ್ಮಾಕೋಲ್ ತುಂಡು ನಿಲ್ಲಿಸಿದರೆ ಕಪ್ಪು ಕೊಂಚ ತಿಳಿಯಾಗುತ್ತದೆ. ಅಡಿಕೆ ಮರದಡಿಯ ಬೆಳಕು ಎಲೆಯಿಂದ ಸೋಸಿ ಬರುವುದರಿಂದ ಹಸಿರು ಬಣ್ಣ ಹೊತ್ತಿರುತ್ತದೆ. ಅದೇ ಪಂಚೆಯನ್ನು ಹೂವಿನ ಜಾಗದಲ್ಲಿ ಹಿಡಿದು ಒಂದು ಫೋಟೊ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವ ಹೊಂದಿಕೆ) ಮಾಡಿಕೊಳ್ಳಿ. ಗಾಳಿಗೆ ದಂಟು ಅಲ್ಲಾಡಿದರೆ ಬಿದಿರು ಕಡ್ಡಿ ನೆಲಕ್ಕೆ ಊರಿ, ಬಟ್ಟೆ ಕ್ಲಿಪ್ಪಿನಿಂದ ದಂಟನ್ನು ಅದಕ್ಕೆ ಸಿಕ್ಕಿಸಿ, ಫ್ರೇಮಿನಿಂದ ಹೊರಗೆ. ಮಳೆಗಾಲದ ಮೋಡದ ಬೆಳಕಿಗೆ ಇದ್ಯಾವುದೂ ಬೇಡ. ಡೇರೆ ಹೂ ತೆಗೆಯಲು ಅದಕ್ಕಿಂತ ಒಳ್ಳೆ ಬೆಳಕಿಲ್ಲ, ಐಎಸ್ಓ (ಸೆನ್ಸರ್ ಬೆಳಕು ಹಿಡಿಯುವ ಚುರುಕು) 800ಕ್ಕೆ ಏರಿಸಿದರೆ ಸಾಕು.

ಈಗ ಜೇನು, ನಿಮ್ಮ ಲೆನ್ಸ್ ಪ್ರಶ್ನೆ ಇರುವುದೂ ಇಲ್ಲೇ. ಫೋಟೊದ ವಿವರದಲ್ಲಿ 250 ಮಿ.ಮೀ., 1/80 ಸೆಕೆಂಡ್, ಎಫ್ 5.6 ಎಂದಿದೆ. ನಿಮ್ಮ ಕ್ಯಾಮೆರಾದಲ್ಲಿ 250ಕ್ಕೆ ಕೈ ನಡುಕ ಕಾಣದಿರಲು 1/400 ಆದರೂ ಬೇಕು. ಲೆನ್ಸಿನ ಸ್ಟೆಬಿಲೈಸರ್ ಕೈ ನಡುಕ ತಡೆಯುತ್ತದೆ, ಜೇನಿನ ಓಡಾಟವನ್ನಲ್ಲ. ಮೇಲಾಗಿ ಈ ಲೆನ್ಸ್ ಮಾದರಿಗೆ ತಕ್ಕಂತೆ 85 ಸೆಂ.ಮೀ. ಅಥವಾ 1.1 ಮೀಟರಿಗಿಂತ ಹತ್ತಿರ ಫೋಕಸ್ ಹಿಡಿಯುವುದಿಲ್ಲ, ನೀವು ಅದಕ್ಕೂ ಒಳಗೆ ನುಗ್ಗಿದ ಹಾಗಿದೆ.

ಇದಕ್ಕೆ ಕ್ಲೋಸಪ್ ಲೆನ್ಸ್ ಎಂಬ ಗಾಜು ಸಿಗುತ್ತದೆ, 55-250ರ ಮೂತಿಗೆ ಸಿಕ್ಕಿಸುವುದು. ಶಕ್ತಿಯನ್ನು ಡಯಾಪ್ಟರಿನಲ್ಲಿ ಹೇಳುತ್ತಾರೆ, ಕನ್ನಡಕದ ನಂಬರ್ ಇದ್ದ ಹಾಗೆ. ಮುಖ್ಯ ಲೆನ್ಸಿನ ಫೋಕಸ್ ಅನಂತಕ್ಕೆ ಇಟ್ಟಾಗ +4ರ ಗಾಜು 25 ಸೆಂ.ಮೀ. ದೂರದಲ್ಲಿ ಫೋಕಸ್ ಕೊಡುತ್ತದೆ, +8 ಆದರೆ ಹನ್ನೆರಡೂವರೆ ಸೆಂ.ಮೀ. 250ರಲ್ಲಿ +4 ಹಾಕಿದರೆ ವಸ್ತು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲಿ ಬೀಳುತ್ತದೆ, +8 ಹಾಕಿದರೆ ಎರಡು ಪಟ್ಟು. ನಿಮ್ಮ ಸೆನ್ಸರಿನ ಅಗಲ ಸುಮಾರು 22 ಮಿ.ಮೀ. ತುಡುವೆ ಜೇನು ಒಂದು ಸೆಂ.ಮೀ. ಆಸುಪಾಸು, ಅದಕ್ಕೆ +4 ಸಾಕು, ಫ್ರೇಮಿನ ಅರ್ಧ ತುಂಬುತ್ತದೆ. ಮಿಸ್ರಿ ನಾಲ್ಕೇ ಮಿ.ಮೀ., ಅದಕ್ಕೆ +8 ಬೇಕು. ರೇನಾಕ್ಸ್ ಡಿಸಿಆರ್-250 ಎನ್ನುವುದು +8ರದ್ದು, 52ರಿಂದ 67 ಮಿ.ಮೀ. ಮೂತಿಯ ಲೆನ್ಸಿಗೆಲ್ಲ ಕ್ಲಿಪ್ಪಿನ ಹಾಗೆ ಕೂರುತ್ತದೆ. +1, +2, +4, +10 ಅಂತ ಸೆಟ್ಟಾಗಿ ಬರುವ ಅಗ್ಗದವು ಒಂಟಿ ಗಾಜಿನವು, ಅಂಚಿನಲ್ಲಿ ನೇರಳೆ ಗೆರೆ ಮೂಡಿಸುತ್ತವೆ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಕೂರಿಸುವ ಗಾಜಿಲ್ಲದ ಕೊಳವೆ) ಕೂಡ ಒಂದು ದಾರಿ, ಆದರೆ 250 ಮಿ.ಮೀ.ಗೆ 25 ಮಿ.ಮೀ. ಟ್ಯೂಬ್ ಸೇರಿಸಿದರೆ ಹೆಚ್ಚುವುದು ನಿಜ ಗಾತ್ರದ ಹತ್ತರಲ್ಲಿ ಒಂದು ಪಾಲು ಮಾತ್ರ. ಟ್ಯೂಬಿಗೆ 50 ಮಿ.ಮೀ. ಲೆನ್ಸ್ ಸರಿ.

ಇಷ್ಟು ಹತ್ತಿರ ಹೋದ ಮೇಲೆ ಫೋಕಸ್ ನಿಲ್ಲುವ ದಪ್ಪ ಒಂದು ಮಿ.ಮೀ.ಗೂ ಕಮ್ಮಿ. ಆಟೊಫೋಕಸ್ ಹುಡುಕಾಡುತ್ತಲೇ ಇರುತ್ತದೆ, ಜೇನು ಹಾರಿ ಹೋಗಿರುತ್ತದೆ. ಆಫ್ ಮಾಡಿ. ತುಳಸಿ ಕದಿರು ಒಂದನ್ನು ಆರಿಸಿ, ಮೊಣಕೈ ಮೊಣಕಾಲಿಗೆ ಊರಿ ಕೂತು, ಮೈಯನ್ನೇ ಹಿಂದೆ ಮುಂದೆ ತೂಗಿ ಕಣ್ಣು ಸ್ಪಷ್ಟವಾದ ಗಳಿಗೆಗೆ ಐದಾರು ಫೋಟೊ ಒಟ್ಟಿಗೆ ಒತ್ತಿ. ಮಿಸ್ರಿ ಹಿಂಗಾಲಿಗೆ ಪರಾಗದ ಉಂಡೆ ಮೆತ್ತಿಕೊಳ್ಳುವಾಗ ಒಂದೆರಡು ಸೆಕೆಂಡ್ ನಿಲ್ಲುತ್ತದೆ, ಕಾಯಬೇಕಾದ್ದು ಅದಕ್ಕೇ. ಇಪ್ಪತ್ತಕ್ಕೆ ಒಂದು ಸರಿ ಬಂದರೆ ಒಳ್ಳೆಯ ಲೆಕ್ಕ.

ಎಫ್ 11 ಇಟ್ಟರೆ ಬೆಳಕು ಸಾಲದು, ಫ್ಲಾಶ್ ಬೇಕೇ ಬೇಕು. ಕ್ಯಾಮೆರಾದ ತಲೆಯ ಮೇಲಿನ ಫ್ಲಾಶನ್ನು ನೇರ ಹೊಡೆದರೆ ಎರಡು ತೊಂದರೆ: ಲೆನ್ಸಿನ ನೆರಳು ಜೇನಿನ ಮೇಲೇ ಬೀಳುತ್ತದೆ, ಬೆನ್ನಿನ ಮೇಲೆ ಬಿಳಿ ಚುಕ್ಕೆ ಸುಡುತ್ತದೆ. ಟಿವಿ, ಮಿಕ್ಸರ್ ಡಬ್ಬಿಯಲ್ಲಿ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಇರುತ್ತದಲ್ಲ, ಅದನ್ನು ಎ4 ಗಾತ್ರಕ್ಕೆ ಕತ್ತರಿಸಿ, ಕೆಳಗಡೆ ಲೆನ್ಸ್ ತೂರುವಷ್ಟು ತೂತು ಮಾಡಿ, ಲೆನ್ಸಿನ ಮೂತಿಯ ಬಳಿ ತೊಡಿಸಿ. ಮೇಲ್ಭಾಗ ಮುಂದಕ್ಕೆ ಬಾಗಿರಲಿ. ಫ್ಲಾಶ್ ಹಿಂದಿನಿಂದ ಬಡಿದು ಇಡೀ ಹಾಳೆ ಬೆಳಗುತ್ತದೆ. ಮ್ಯಾನುವಲ್ ಮೋಡ್, 1/200, ಎಫ್ 11, ಐಎಸ್ಓ 400ರಿಂದ ಶುರು ಮಾಡಿ, ಬೆಳಕು ಜಾಸ್ತಿಯಾದರೆ ಫ್ಲಾಶ್ ಕಾಂಪನ್ಸೇಷನ್ −1. ಹಿನ್ನೆಲೆ ಪೂರ್ತಿ ಕಪ್ಪಾಗಿ ರಾತ್ರಿಯ ಹಾಗೆ ಬಂದರೆ ಹೂವಿನ ಒಂದು ಗೇಣು ಹಿಂದೆ ಬಾಳೆ ಎಲೆ ಹಿಡಿಸಿ, ಫ್ಲಾಶ್ ಅದಕ್ಕೂ ತಾಗಿ ಹಸಿರು ಸಿಗುತ್ತದೆ.

ಚಿಟ್ಟೆಗೆ ಇಷ್ಟು ಗೋಜಿಲ್ಲ. ಬರಿ 55-250 ಸಾಕು, ಸೆನ್ಸರ್ ರೆಕ್ಕೆಗೆ ಸಮಾನಾಂತರ ಇರಲಿ, ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಡಿಸೆಂಬರ್-ಜನವರಿಯ ಇಬ್ಬನಿ ಬೆಳಿಗ್ಗೆ, ಬಿಸಿಲು ತಾಗುವ ಮೊದಲು ಹೋದರೆ ಮೈ ತಣ್ಣಗಾಗಿ ಅಲ್ಲಾಡದೆ ಕೂತಿರುತ್ತವೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ಫೋಟೊ ತೆಗೆಯುವ ಬುದ್ಧಿ ಯೂಟ್ಯೂಬಿನಲ್ಲಿ ಹೇಳುತ್ತಾರೆ, ಕೇಳಬೇಡಿ. ಮಳೆಗಾಲದಲ್ಲಿ ನೆಲಕ್ಕೆ ಕೂರುವ ಮೊದಲು ಉಂಬಳ, ಮಾವಿನ ಗಿಡದ ಬಳಿ ಸವಳಿ ಇರುವೆಯ ಗೂಡು ನೋಡಿಕೊಳ್ಳಿ. ಫೋಕಸ್ ಹಿಡಿದು ಕೂತವರನ್ನು ಎರಡೂ ಬಿಡುವುದಿಲ್ಲ, ಮಾರಾಯ್ರೆ.

ಸೂರಕ್ಕಿ ಕಪ್ಪಗೆ ಬರಲು ಕಾರಣ ಎರಡು. ಆಕಾಶದ ಎದುರು ತೆಗೆದಿದ್ದೀರಿ, ಅದಕ್ಕೆ +1ರಿಂದ +1.7 ಕಾಂಪನ್ಸೇಷನ್ ಬೇಕಿತ್ತು. ಅಷ್ಟು ಮಾಡಿದರೂ ಕೊರಳಿನ ಹೊಳಪು ಬರುತ್ತಿರಲಿಲ್ಲ. ಆ ನೇರಳೆ-ಹಸಿರು ಹೊಳಪು ಪುಕ್ಕದೊಳಗಿನ ಅತಿ ಸಣ್ಣ ಪದರಗಳಿಂದ ಬೆಳಕು ಹಿಂತಿರುಗುವಾಗ ಮೂಡುವಂಥದ್ದು. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಹೋಗಿ ಹಕ್ಕಿಗೆ ಬಡಿದು ಲೆನ್ಸಿಗೇ ವಾಪಸು ಬಂದರೆ ಮಾತ್ರ ಕಾಣುತ್ತದೆ. ಹಕ್ಕಿ ಕತ್ತು ಒಂಚೂರು ತಿರುಗಿಸಿದರೆ ಕಪ್ಪು, ಮತ್ತೆ ಈಚೆ ತಿರುಗಿಸಿದರೆ ಕೆಂಡದಂತೆ ಉರಿಯುತ್ತದೆ. ಹಾಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಪೂರ್ವಕ್ಕೆ ಬೆನ್ನು ಹಾಕಿ, ಸಂಜೆ ನಾಲ್ಕೂವರೆ ಮೇಲೆ ಪಶ್ಚಿಮಕ್ಕೆ. ಗಿಡ ಕುಂಡದಲ್ಲಿದ್ದರೆ ಗಿಡವನ್ನೇ ಸರಿಸಿ, ಅದಕ್ಕಿಂತ ಸುಲಭ ಇಲ್ಲ. ಬೆನ್ನು ಕೆಂಪಿರುವ ಪುಟಾಣಿ ಸೂರಕ್ಕಿ ಬಂದರೆ ಬಿಡಬೇಡಿ, ಅದು ನಮ್ಮ ಪಶ್ಚಿಮ ಘಟ್ಟದ್ದೇ ಹಕ್ಕಿ.

250 ಮಿ.ಮೀ.ಯಲ್ಲಿ ಮೂರು ಮೀಟರ್ ದೂರದಿಂದ ಹತ್ತು ಸೆಂ.ಮೀ. ಹಕ್ಕಿ ಫ್ರೇಮಿನ ಐದರಲ್ಲಿ ಎರಡು ಪಾಲು ತುಂಬುತ್ತದೆ, ಆರು ಮೀಟರ್ ಆದರೆ ಅದರರ್ಧ. ಅಷ್ಟು ಹತ್ತಿರಕ್ಕೆ ನಾವು ಹೋಗುವುದಲ್ಲ, ಅದು ಬರಬೇಕು. ಹೂವಿನ ಪಕ್ಕ ಒಂದಡಿ ದೂರಕ್ಕೆ ಒಣಗಿದ ಪೇರಲೆ ಕೊಂಬೆ ಕಟ್ಟಿ, ಅದರ ಹಿಂದೆ ನಾಲ್ಕೈದು ಮೀಟರ್ ಖಾಲಿ ಇರಲಿ. ಕಿಟಕಿಯ ಬಾಗಿಲು ತೆರೆದು, ಒಳಗೆ ದೀಪ ಆರಿಸಿ, ಪರದೆಯ ಸಂದಿಯಿಂದ ಲೆನ್ಸ್ ಚಾಚಿ. ಗಾಜು ಅಥವಾ ಸೊಳ್ಳೆ ಪರದೆಯ ಹಿಂದಿನಿಂದ ತೆಗೆದರೆ ಎಲ್ಲ ಮಂಕಾಗುತ್ತದೆ. ಕೂತ ಹಕ್ಕಿಗೆ 1/800, ಹೂವಿನೆದುರು ರೆಕ್ಕೆ ಬಡಿಯುತ್ತ ನಿಂತದ್ದಕ್ಕೆ 1/2500, ಐಎಸ್ಓ ಆಟೊ, ಮಿತಿ 3200. ಪಿಕಳಾರ, ಮಡಿವಾಳ ಹಕ್ಕಿಗೆ ನೀರಿನ ಮಣ್ಣಿನ ತಟ್ಟೆ ಇಡಿ, ಆಳ ನಾಲ್ಕೈದು ಸೆಂ.ಮೀ. ಮೀರದಿರಲಿ, ನೀರು ದಿನಾ ಬದಲಿಸಿ.

ಗೂಡಿನ ಫೋಟೊ ಮಾತ್ರ ಬೇಡ. ಅಡ್ಡ ಬಂದ ಎಲೆ ಸವರಿದರೆ ಮರಿಗೆ ಬಿಸಿಲೂ ಕಾಗೆಯೂ ಎರಡೂ ಬಡಿಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗೂ ರಕ್ಷಣೆ ಇದೆ.

ಮೊಬೈಲ್ ಸಾಕಾ ಅಂತ ಕೇಳಿದವರಿಗೆ: ಹೂವಿಗೆ ಧಾರಾಳ ಸಾಕು. 2 ಮೆಗಾಪಿಕ್ಸೆಲ್ಲಿನ 'ಮ್ಯಾಕ್ರೊ' ಕಣ್ಣು ಬಿಟ್ಟುಬಿಡಿ, ಮುಖ್ಯ ಕ್ಯಾಮೆರಾದಲ್ಲಿ 2 ಪಟ್ಟು ಜೂಮ್ ಮಾಡಿ ಒಂದು ಗೇಣು ದೂರದಿಂದ ತೆಗೆಯಿರಿ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕು ಸ್ವಲ್ಪ ಕೆಳಗೆ ಎಳೆಯಿರಿ.

ಕಾರವಾರದ ಅಣ್ಣ ಲೆನ್ಸಿಗೆ ಬೂಸ್ಟು ಹಿಡಿದದ್ದು ಕೇಳಿದ್ದರು. ಹಿಡಿದದ್ದನ್ನು ರಿಪೇರಿಯವರೇ ಬಿಚ್ಚಿ ಒರೆಸಬೇಕು, ಉಳಿದ ಲೆನ್ಸುಗಳನ್ನು ಅದರ ಜೊತೆ ಇಡಬೇಡಿ. ರಬ್ಬರ್ ಅಂಚಿನ ಗಾಳಿಯಾಡದ ಹತ್ತು ಲೀಟರಿನ ಡಬ್ಬಿ, ಕಾಲು ಕಿಲೊ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್, ಇಷ್ಟೇ ಬೇಕಾದ್ದು. ತೇವ 40ರಿಂದ 50 ಶೇಕಡಾ ಇರಲಿ. ಕಿತ್ತಳೆ ಹರಳು ಹಸಿರಾದರೆ ಬೇರೆಯೇ ಇಟ್ಟ ಬಾಣಲೆಯಲ್ಲಿ ಸಣ್ಣ ಉರಿಗೆ ಕೈಯಾಡಿಸಿ, ಬಣ್ಣ ಮರಳಿದ ಕೂಡಲೇ ಇಳಿಸಿ. ಅಕ್ಕಿ ಹಾಕಿದರೆ ಹಿಟ್ಟಿನ ಧೂಳು ಲೆನ್ಸಿಗೆ ಹೋಗುತ್ತದೆ. ಡಾಂಬರು ಗುಳಿಗೆಗೆ ಜಿರಳೆ ಹೆದರುತ್ತದೆ, ತೇವ ಹೆದರುವುದಿಲ್ಲ. ಚರ್ಮದ ಚೀಲ ಜೂನಿನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಎಸಿ ಕೋಣೆಯಿಂದ ಹೊರಗೆ ತರುವಾಗ ಚೀಲದ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ. ಸಮುದ್ರ ಗಾಳಿಯ ಉಪ್ಪು ಕೂತ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಮೊದಲು ಬ್ಲೋವರ್, ಆಮೇಲೆ ಉಸಿರಿನ ತೇವದಲ್ಲಿ ಮೆತ್ತಗೆ.

ಅಕ್ಕಾ, ಮುಂದಿನ ಸಲ ಫೋಟೊ ಹಾಕುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಈ ಮೂರು ಕಳಿಸಿದ ಹಾಗೆ. ಸಾಮಾನ್ಯ ಫೋಟೊ ಆಗಿ ಹಾಕಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಶಟರ್, ಅಪರ್ಚರ್ ವಿವರ ಅಳಿಸುತ್ತದೆ. ಬೆಳಿಗ್ಗೆಯೋ ಸಂಜೆಯೋ, ಸೂರ್ಯ ಯಾವ ಕಡೆ ಇದ್ದ ಅಂತಲೂ ಒಂದು ಸಾಲು ಬರೆಯಿರಿ.